ಹೆಸರಿನ ಕೆಳಗಿನ ಸಾಲು

ನನ್ನ ಮುಖ ಹತ್ತು ಅಡಿ ಅಗಲ ಇರಬೇಕಾಗಿಲ್ಲ ಎಂದು ಮೊದಲು ಹೇಳಿದವರು ಅವರು. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಪ್ಪತ್ತೊಂದು ವರ್ಷದವಳ ಕೈಯಲ್ಲಿ ಪುಣೆಯ ಕಂಪನಿಯ ಆಫರ್ ಲೆಟರ್ ಇರುವಾಗ ಮುಖ ಎಷ್ಟು ಅಗಲವಾದರೂ ಕಡಿಮೆಯೇ ಅನಿಸುತ್ತದೆ.

ಅವರ ಅಂಗಡಿ ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹತ್ತಿರ, ಸೋಲಾಪುರದ ರಸ್ತೆಗೆ ಮುಖ ಮಾಡಿಕೊಂಡು ಇತ್ತು. ಫ್ಲೆಕ್ಸ್ ಬ್ಯಾನರ್ ಮಾಡಿಕೊಡುವ ಅಂಗಡಿ. ಪುಢಾರಿಗಳ ಹುಟ್ಟುಹಬ್ಬ, ಹೊಸ ಅಂಗಡಿಯ ಉದ್ಘಾಟನೆ, ನಿಶ್ಚಿತಾರ್ಥ, ಮದುವೆ, ಶ್ರದ್ಧಾಂಜಲಿ, ಹೀಗೆ ನಮ್ಮ ತಾಲೂಕಿನಲ್ಲಿ ಮನುಷ್ಯನಿಗೆ ಏನೇ ಆದರೂ ಅದು ಮೊದಲು ಅವರ ಮಶೀನಿನಿಂದ ಹೊರಬೀಳುತ್ತಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬ್ಯಾನರಿನ ತಳದಲ್ಲಿ ಮಾಡಿದವರು ತಮ್ಮ ಹೆಸರು ಹಾಕಿಕೊಳ್ಳುವ ರೂಢಿ ಇದೆ. ಅವರು ಒಂದು ಸಲವೂ ಹಾಕಿಕೊಂಡವರಲ್ಲ. ಹೋದ ದೀಪಾವಳಿಯ ಮುಂಚೆ ಎದೆನೋವು ಬಂದು ತೀರಿಕೊಂಡರು. ಈಗ ನಾನು ಹೆಸರು ಹಾಕಿದರೆ ಎಲ್ಲಿದ್ದಾರೋ ಅಲ್ಲಿಂದಲೇ ಬೈದಾರು.

ಊರೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿತ್ತು. ಅವರು ಎಂ.ಸಿ.ಎ. ಓದಿದವರು. ಸೋಲಾಪುರದ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದರು. ಅಂದರೆ ಪ್ರತಿವರ್ಷ ಜೂನ್ ಬಂದರೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ನಾನು ಬಿ.ಸಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಅವರು ಹನ್ನೊಂದು ಜೂನ್‌ಗಳನ್ನು ಹಾಗೆ ಕಾದು ಕಳೆದಿದ್ದರು. ಕನ್ನಡಕ ಯಾವಾಗಲೂ ಹಣೆಯ ಮೇಲಿರುತ್ತಿತ್ತು. ಅದನ್ನೇ ಮೇಜಿನ ಮೇಲೆ, ಕಿಸೆಯಲ್ಲಿ ಹುಡುಕುತ್ತಿದ್ದರು. ಮುಂದಿನ ಬೆಂಚಿನವರು ಹಣೆ ತೋರಿಸುವವರೆಗೆ ಪಾಠ ಶುರುವಾಗುತ್ತಿರಲಿಲ್ಲ.

ಅವರ ಮೊದಲ ತಾಸು ನನಗೆ ಚೆನ್ನಾಗಿ ನೆನಪಿದೆ. ಡಿಗ್ರಿ ಆದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಅರವತ್ತು ಜನರೂ ಸಾಫ್ಟ್‌ವೇರ್ ಅಂದೆವು. ಅವರು ಹಲಗೆಯ ಮೇಲೆ ಆ ಒಂದು ಪದ ಬರೆದು, ಸೀಮೆಸುಣ್ಣವನ್ನು ನಮ್ಮ ಕಡೆ ಚಾಚಿದರು.

“ಬರ್ರಿ, ಇದರ ಕೆಳಗ ಬರೀರಿ. ಮುಂಜಾನೆ ಹತ್ತಕ್ಕ ಹೋಗಿ ಕುಂತವ್ರು ಸಂಜೀ ಆರರ ತನಕ ಏನ್ ಮಾಡ್ತಾರ?”

ಯಾರೂ ಏಳಲಿಲ್ಲ. ಕೊನೆಗೆ ಕಂದಲಗಾಂವದ ಒಬ್ಬ ಹುಡುಗಿ ಧೈರ್ಯ ಮಾಡಿ ಹೋಗಿ ‘ಟೈಪಿಂಗ್’ ಎಂದು ಬರೆದಳು. ನಾವೆಲ್ಲ ನಕ್ಕೆವು. ಸರ್ ನಗಲಿಲ್ಲ. “ಈಕಿ ಏನಾರ ಬರದಾಳ. ನೀವು ನಗಾಕತ್ತವ್ರು ಅದೂ ಬರದಿಲ್ಲ” ಅಂದರು. ನಾವು ಮೂರು ವರ್ಷದ ಫೀ ಕಟ್ಟಿ ಹೊರಟಿದ್ದೇವೆ, ಎಲ್ಲಿಗೆ ಅಂತ ಗೊತ್ತಿಲ್ಲ ಎಂಬುದು ಆವತ್ತು ಮೊದಲ ಸಲ ಹೊಳೆಯಿತು.

ಆಮೇಲೆ ಅವರು ಶನಿವಾರಕ್ಕೊಮ್ಮೆ ನಮ್ಮನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಿದ್ದರು. ಕಂಪ್ಯೂಟರ್ ಕಲಿತವರು ನಿಜವಾಗಿ ಕೂತು ಕೆಲಸ ಮಾಡುವ ಜಾಗಗಳಿಗೆ. ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ, ಒಂದು ದೊಡ್ಡ ದವಾಖಾನೆಯ ಬಿಲ್ ಕಿಟಕಿಯ ಹಿಂದೆ, ಟವೆಲ್ ನೇಯುವ ಕಾರಖಾನೆಯ ಡಿಸೈನ್ ಕೋಣೆಗೆ. ಅಲ್ಲಿರುವವರನ್ನು ಒಂದೇ ಮಾತು ಕೇಳುತ್ತಿದ್ದರು: “ನಿಮಗ ಇವತ್ತ ಏನ್ ತ್ರಾಸ ಆತು, ನಮ್ಮ ಹುಡುಗರಿಗೆ ಹೇಳ್ರಿ.” ಯಾರೋ ಪಾಲಕರು ಕಾಲೇಜಿಗೆ ಹೋಗಿ ತಕರಾರು ಮಾಡಿದರು: ಮಕ್ಕಳನ್ನು ಕಂಪ್ಯೂಟರ್ ಇಂಜಿನಿಯರ್ ಮಾಡಲು ಕಳಿಸಿದ್ದೇವೆ, ಟವೆಲ್ ತೋರಿಸಲು ಅಲ್ಲ. ಶನಿವಾರಗಳು ನಿಂತವು. ಮುಂದಿನ ಜೂನ್‌ನಲ್ಲಿ ಅವರನ್ನು ಕರೆಯಲೂ ಇಲ್ಲ. ಸೆಕೆಂಡ್ ಹ್ಯಾಂಡ್ ಫ್ಲೆಕ್ಸ್ ಮಶೀನ್ ತಂದು ಅಕ್ಕಲಕೋಟದಲ್ಲಿ ಕೂತರು. ನಾವು ಆ ಟವೆಲ್ ಕೋಣೆಯನ್ನು ಮರೆತೆವು.

ಅಂಗಡಿಯಲ್ಲಿ ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಬ್ಯಾನರಿನಲ್ಲಿ ಯಾರ ಫೋಟೊ ಇದೆಯೋ, ಅವರ ಹೆಸರಿನ ಕೆಳಗೆ ಬರುವ ಸಾಲನ್ನು ಅವರ ಬಾಯಿಂದಲೇ ಕೇಳಬೇಕು. ದುಡ್ಡು ಕೊಡುವವರು ಬೇರೆಯಾದರೂ ಸರಿ. ಒಮ್ಮೆ ನಾಲ್ಕು ಜನ ಕಾರ್ಯಕರ್ತರು ಬಂದು ತಮ್ಮ ನಾಯಕನ ಹುಟ್ಟುಹಬ್ಬಕ್ಕೆ ಹೆಸರಿನ ಕೆಳಗೆ ‘ಭಾವೀ ಆಮದಾರ’ ಎಂದು ಹಾಕಿ ಅಂದರಂತೆ, ಅಂದರೆ ಮುಂದೆ ಶಾಸಕ ಆಗುವವರು ಅಂತ. ಸರ್ ನೇರ ಆ ನಾಯಕನಿಗೇ ಫೋನ್ ಹಚ್ಚಿದರು. “ಸಾಹೇಬ್ರ, ನಿಮ್ಮ ಹೆಸರಿನ ಕೆಳಗ ಭಾವೀ ಆಮದಾರ ಅಂತ ಬರಿ ಅನ್ನಾಕತ್ತಾರ. ಬರೀಲೇನ್ರಿ?” ಆ ಕಡೆಯಿಂದ ಮೊದಲು ಕೆಮ್ಮು ಕೇಳಿಸಿತಂತೆ. ಆಮೇಲೆ, “ಬರೀರಿ, ಆದ್ರ ಸಣ್ಣ ಅಕ್ಷರದಾಗ ಬರೀರಿ” ಎಂದು ಉತ್ತರ ಬಂತಂತೆ. ಈ ಕತೆಯನ್ನು ಅವರು ಬಂದವರಿಗೆಲ್ಲ ಹೇಳಿ, ಚಹಾವನ್ನು ಬಸಿಗೆ ಬಗ್ಗಿಸಿಕೊಂಡು ಸೊರ್ರನೆ ಕುಡಿಯುತ್ತಿದ್ದರು.

ನಾನು ಮೂರನೆಯ ವರ್ಷದಲ್ಲಿದ್ದಾಗ, ಸಂಕ್ರಾಂತಿಯ ವಾರದಲ್ಲಿ, ಪುಣೆಯ ಒಂದು ಕಂಪನಿ ನಮ್ಮ ಕಾಲೇಜಿಗೆ ಬಂದು ಏಳು ಜನರನ್ನು ಆರಿಸಿತು. ಅದರಲ್ಲಿ ನಾನೊಬ್ಬಳು. ಜುಲೈಯಲ್ಲಿ ಸೇರಬೇಕು ಎಂದು ಬಾಯಿಮಾತಿನಲ್ಲಿ ಹೇಳಿದರು. ನಮ್ಮೂರು ಚಪಳಗಾಂವದಲ್ಲಿ ಪೇಢೆ ಹಂಚಿದೆವು. ನಮ್ಮ ಕಡೆ ಅಷ್ಟಕ್ಕೆ ಮುಗಿಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ನೌಕರಿ ಸಿಕ್ಕರೆ ಊರಿಗೆ ತಿರುಗುವ ಫಾಟಾದಲ್ಲಿ ಬ್ಯಾನರ್ ನಿಲ್ಲಬೇಕು. ಪೊಲೀಸ್ ಭರ್ತಿಯಾದ ಹುಡುಗನದು ನಿಂತಿತ್ತು, ತಲಾಠಿ, ಅಂದರೆ ಗ್ರಾಮಲೆಕ್ಕಿಗ, ಆದವನದು ನಿಂತಿತ್ತು. ಹುಡುಗಿಯದು ಮಾತ್ರ ಇನ್ನೂ ನಿಂತಿರಲಿಲ್ಲ. ಪಂಚಾಯಿತಿ ಸದಸ್ಯನಾಗಿದ್ದ ನಮ್ಮ ಕಾಕಾನಿಗೆ ಅಷ್ಟೇ ಸಾಕಾಯಿತು. ಅಪ್ಪ, ಕಾಕಾ, ನಾನು ಮೂವರೂ ಫೋಟೊ ಹಿಡಿದುಕೊಂಡು ಸರ್ ಅಂಗಡಿಗೆ ಹೋದೆವು.

ಸರ್ ನನ್ನನ್ನು ನೋಡಿ ನಿಜವಾಗಿ ಖುಷಿಪಟ್ಟರು. ಆಮೇಲೆ ಕನ್ನಡಕ ಇಳಿಸಿ ಅಪ್ಪನನ್ನು ಕೇಳಿದರು: “ಜಾಯಿನಿಂಗ್ ತಾರೀಖ ಬಂದೈತೇನ್ರಿ ಅಣ್ಣಾರ?”

“ಬರ್ತೈತ್ರಿ ಸರ್. ಆಫರ್ ಲೆಟರ್ ಬಂದೈತಲ್ಲ” ಅಂದರು ಅಪ್ಪ.

“ಹಂಗಾದ್ರ ತಾರೀಖ ಬರ್ಲಿ, ಆಮ್ಯಾಲ ಮಾಡೂಣು. ಈ ಹುಡುಗಿ ಮಾರಿ ಹತ್ತ ಫೂಟ ಅಗಲ ಇರೂ ಜರೂರಿ ಇಲ್ರಿ. ಈಗ ಇದ್ದಷ್ಟ ಚಂದ ಐತಿ.”

ಕಾಕಾನ ಮೀಸೆ ಕುಣಿಯಿತು. “ಮಾಡಿಕೊಡೂದು ಆಗಂಗಿಲ್ಲ ಅಂದ್ರ ಹಂಗ ಹೇಳ್ರಿ.”

“ಮಶೀನ್ ಕೆಟ್ಟೈತ್ರಿ” ಅಂದರು ಸರ್. ಅವರ ಬೆನ್ನ ಹಿಂದೆ ಆ ಮಶೀನು ಕರಕರ ಸದ್ದು ಮಾಡುತ್ತಾ ಯಾರೋ ಪುಢಾರಿಯ ಮೀಸೆಯನ್ನು ಇಂಚಿಂಚಾಗಿ ಹೊರಗೆ ಬಿಡುತ್ತಿತ್ತು.

ಅವಮಾನ ಆಯಿತು. ಹೆಣ್ಣುಮಗಳು ಅಂತ ಹೊಟ್ಟೆಕಿಚ್ಚು, ತಾನು ಪರ್ಮನೆಂಟ್ ಆಗಲಿಲ್ಲ ಅಂತ ಹೊಟ್ಟೆಕಿಚ್ಚು ಎಂದು ಕಾಕಾ ದಾರಿಯುದ್ದಕ್ಕೂ ಬೈದ. ನಾನೂ ಹೂಂಗುಟ್ಟಿದೆ. ಅಪ್ಪ, ಕಾಕಾ ಸೋಲಾಪುರಕ್ಕೆ ಹೋಗಿ ಮೊದಲು ಅಂದುಕೊಂಡಿದ್ದಕ್ಕಿಂತ ದೊಡ್ಡದನ್ನೇ ಮಾಡಿಸಿಕೊಂಡು ಬಂದರು. ಮೇಲೆ ‘ಹಾರ್ದಿಕ ಅಭಿನಂದನ’, ನಡುವೆ ನಾನು, ತಳದಲ್ಲಿ ಶುಭ ಕೋರುವ ಹದಿನಾಲ್ಕು ಗಂಡಸರ ಫೋಟೊಗಳು. ನನ್ನ ಹೆಸರಿನ ಕೆಳಗೆ ‘ಸಾಫ್ಟ್‌ವೇರ್ ಇಂಜಿನಿಯರ್, ಪುಣೆ’. ಆ ಸಾಲನ್ನು ನನ್ನ ಕೇಳಿ ಬರೆದವರು ಯಾರೂ ಇರಲಿಲ್ಲ. ಕೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಜುಲೈ ಬಂತು. ಕಂಪನಿಯಿಂದ ಮೇಲ್ ಬಂತು: ಸೇರುವ ದಿನಾಂಕವನ್ನು ಮುಂದಕ್ಕೆ ಹಾಕಿದ್ದೇವೆ, ನಿಮ್ಮ ತಾಳ್ಮೆಗೆ ಧನ್ಯವಾದ. ಸೆಪ್ಟೆಂಬರಿನಲ್ಲಿ ಅದೇ ಮೇಲ್, ಅದೇ ಧನ್ಯವಾದ. ನನ್ನಲ್ಲಿ ಇಲ್ಲದ ತಾಳ್ಮೆಗೆ ಇಷ್ಟು ಸಲ ಧನ್ಯವಾದ ಹೇಳಿಸಿಕೊಂಡವಳು ತಾಲೂಕಿನಲ್ಲಿ ಇನ್ನೊಬ್ಬಳಿರಲಾರಳು. ಎದ್ದ ಕೂಡಲೇ ಫೋನು, ಊಟಕ್ಕೆ ಕೂತರೆ ಫೋನು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ “ಏನಾರ ಬಂತೇನ?” ಎಂದು ದಿನಾ ಕೇಳುತ್ತಿದ್ದಳು. ಒಂದು ದಿನ ಕೇಳುವುದನ್ನು ಬಿಟ್ಟಳು. ಆವತ್ತಿನಿಂದ ನನಗೆ ಹೆಚ್ಚು ಹೆದರಿಕೆಯಾಯಿತು.

ಫಾಟಾದಲ್ಲಿ ಬ್ಯಾನರ್ ಹಾಗೆಯೇ ಇತ್ತು. ತೆಗೆದರೆ ಊರಿಗೆ ಡಂಗುರ ಸಾರಿದ ಹಾಗೆ. ಅದಕ್ಕೆ ಅಪ್ಪ ತೆಗೆಯಲಿಲ್ಲ. ಬಿಸಿಲಿಗೆ ಕೆಂಪು, ಹಳದಿ ಎಲ್ಲ ಹಾರಿಹೋಗಿ ನಾನು ನೀಲಿಯಾಗಿದ್ದೆ. ಬಸ್ಸಿನಲ್ಲಿ ಹೋಗುವಾಗ ಆ ತಿರುವು ಬಂದರೆ ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. “ಪುಣೆಕ ಯಾವಾಗ ಹೊಂಟಿ?” ಎಂದು ಕೇಳದವರಿಲ್ಲ. ಮುಂದಿನ ತಿಂಗಳು ಅನ್ನುತ್ತಿದ್ದೆ. ಎಷ್ಟು ಸಲ ಅಂದೆ ಎಂದರೆ ಒಮ್ಮೊಮ್ಮೆ ನನಗೇ ನಂಬಿಕೆ ಬರುತ್ತಿತ್ತು.

ಆ ಬ್ಯಾನರ್ ನೋಡಿಯೇ ಸಂಬಂಧ ಬಂತು. ಸೋಲಾಪುರದ ವ್ಯಾಪಾರಸ್ಥರ ಮನೆ. ಅಕ್ಕಲಕೋಟದ ಗುಡಿಗೆ ಗುರುವಾರದ ದರ್ಶನಕ್ಕೆ ಬಂದವರು ಪಕ್ಕದೂರಿನ ನೆಂಟರಲ್ಲಿಗೆ ಹೋಗುವಾಗ ನನ್ನನ್ನು ಕಂಡಿದ್ದರು. ಅವರು ಕಂಡಾಗ ನಾನು ಎಷ್ಟು ನೀಲಿಯಿದ್ದೆನೋ ಗೊತ್ತಿಲ್ಲ. ಹುಡುಗ ಪುಣೆಯಲ್ಲೇ ನೌಕರಿಯಲ್ಲಿದ್ದ. ಇಬ್ಬರೂ ಅಲ್ಲಿಯೇ ದುಡಿದುಕೊಂಡು ಇರುತ್ತಾರೆ ಎಂಬುದು ಅವರ ಲೆಕ್ಕ. ಸೇರುವ ದಿನಾಂಕದ ಮಾತು ಬಂದಾಗ ಅಪ್ಪ “ಆಗ್ತೈತ್ರಿ, ಸುರಳೀತ ಐತ್ರಿ” ಅಂದುಬಿಟ್ಟರು. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ. ಹುಡುಗ ಫೋನ್ ಮಾಡುತ್ತಿದ್ದ. ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನನ್ನ ಆಫೀಸಿಗೆ ಹತ್ತಿರ ಆಗಲಿ ಅಂತ ಬಾಡಿಗೆ ಮನೆ ನೋಡಲು ಹೊರಟಿದ್ದೇನೆ ಎಂದು ಒಂದು ದಿನ ಹೇಳಿದ.

ಮರುದಿನ ಅವ್ವನಿಗೆ ಝೆರಾಕ್ಸ್ ಎಂದು ಹೇಳಿ ಸರ್ ಅಂಗಡಿಗೆ ಹೋದೆ. ಯಾಕೆ ಹೋದೆ ಎಂದರೆ, ನನಗೆ ಗೊತ್ತಿದ್ದವರಲ್ಲಿ ‘ಯಾವಾಗ ಹೊಂಟಿ’ ಎಂದು ಕೇಳದ ಮನುಷ್ಯ ಅವರೊಬ್ಬರೇ ಅನಿಸಿತು. ಹಾಗೇ ಆಯಿತು. ಅವರು ಏನೂ ಕೇಳಲಿಲ್ಲ. ನಾ ಹೇಳಿರಲಿಲ್ಲವಾ ಎಂದೂ ಅನ್ನಲಿಲ್ಲ. ಸ್ಟೂಲು ಸರಿಸಿದರು, ಚಹಾ ತರಿಸಿದರು. ನಾನು ಅತ್ತು ಮುಗಿಸುವವರೆಗೆ ಕಂಪ್ಯೂಟರಿನಲ್ಲಿ ಯಾರದೋ ಫೋಟೊದ ಹಿಂದಿನ ಗೋಡೆಯನ್ನು ಅಳಿಸುತ್ತಾ ಕೂತರು.

“ನಿನ್ನ ಒಬ್ಬಾಕೀದ ಅಂತ ತಿಳೀಬ್ಯಾಡ ತಂಗಿ” ಅಂದರು. “ಮೊದಲ್ನೇ ವರ್ಷ ನಾನೂ ಕೇಳಿದವ್ರಿಗೆಲ್ಲ ಮಾಡಿಕೊಟ್ಟೆ. ವಾಗದರಿ ಹುಡುಗ ಒಬ್ಬಾವ ಇದ್ದ. ಅವನ ಬ್ಯಾನರ್ ಊರ ಬಾಗಲದಾಗ ನಿಂತಿತ್ತು. ನೌಕರಿ ಆಗಲಿಲ್ಲ. ಆಮ್ಯಾಲ ಅವ ಒಂದ ಸ್ಟಾಪ್ ಮೊದಲ ಇಳದು ಹೊಲದಾಗಿಂದ ಮನೀಗೆ ಹೋಗ್ತಿದ್ದ. ನಾ ಕಣ್ಣಾರೆ ನೋಡೀನಿ. ಆವತ್ತಿಂದ ಮಶೀನ್ ಕೆಡಾಕತ್ತೈತಿ.”

ಕೆಟ್ಟುಹೋದ ಫ್ಲೆಕ್ಸಿನ ಒಂದು ತುಂಡನ್ನು ಬಿಳಿ ಮಗ್ಗುಲು ಮೇಲೆ ಮಾಡಿ ಹಾಸಿ, ಮಾರ್ಕರ್ ತೆಗೆದುಕೊಂಡರು. ನನ್ನ ಡಿಗ್ರಿಯವರು ಈ ತಾಲೂಕಿನಲ್ಲಿ, ಸೋಲಾಪುರದಲ್ಲಿ ಏನೇನು ಮಾಡುತ್ತಿದ್ದಾರೆ ಎಂದು ಹೇಳುತ್ತಾ ಹೋದರು. ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಹೇಳಿದರು, ನಾನು ಹೆಸರು ಬಿಟ್ಟಿದ್ದೇನೆ. ಒಬ್ಬಳು ಬ್ಯಾಂಕ್ ಪರೀಕ್ಷೆಗೆ ಮೂರು ವರ್ಷದಿಂದ ಕೂತಿದ್ದಾಳೆ, ಪಾಸಾಗುತ್ತಾಳೆ, ಆದರೆ ಅಷ್ಟು ದಿನ ಕೂಡುವ ಗಟ್ಟಿತನ ಬೇಕು. ಒಬ್ಬ ಸರಕಾರಿ ದಾಖಲೆ ತೆಗೆದುಕೊಡುವ ಸೇವಾ ಕೇಂದ್ರ ಹಾಕಿದ್ದಾನೆ, ದಿನಾ ನೂರು ಜನರ ಜಗಳ ಕೇಳಬೇಕು, ಅವನಿಗೆ ಅದು ಒಗ್ಗಿದೆ. ಒಬ್ಬಳು ಬಿ.ಎಡ್. ಮಾಡಿ ಕನ್ನಡ ಸಾಲೆಯಲ್ಲಿ ಇದ್ದಾಳೆ. ಪುಣೆಯಲ್ಲಿ ಇಬ್ಬರು ಬೇರೆಯವರು ಮಾಡಿದ ಸಾಫ್ಟ್‌ವೇರಿನ ತಪ್ಪು ಹುಡುಕುತ್ತಾರೆ, ಇನ್ನೊಬ್ಬ ಫೋನಿನಲ್ಲಿ ಕನ್ನಡದವರ ತಕರಾರು ಕೇಳುತ್ತಾನೆ. ಟವೆಲ್ ಕಾರಖಾನೆಯ ಡಿಸೈನ್ ಕೋಣೆಯಲ್ಲಿ ಜನ ಬೇಕಾಗಿದ್ದಾರೆ, ಯಾರೂ ಹೋಗುವುದಿಲ್ಲ, ಯಾಕೆಂದರೆ ಅದಕ್ಕೆ ಬ್ಯಾನರ್ ಆಗುವುದಿಲ್ಲ.

“ಡಿಗ್ರಿ ಅಂದ್ರ ಎಸ್.ಟಿ. ಬಸ್ಸಿನ ಪಾಸ್ ಇದ್ದಂಗ. ಹತ್ತಾಕ ಬಿಡ್ತಾರ. ಸೀಟ್ ನಾವ ಹುಡಕಬೇಕು” ಅಂದರು. ಇದು ಅವರ ಹಳೆಯ ಮಾತು, ಕ್ಲಾಸಿನಲ್ಲಿ ಹತ್ತು ಸಲ ಕೇಳಿದ್ದೆ. ಆವತ್ತು ಯಾಕೋ ಕಂಡಕ್ಟರ್ ನನ್ನನ್ನೇ ನೋಡಿದ ಹಾಗಾಯಿತು.

ಆಮೇಲೆ ಸಂಬಂಧದ ವಿಷಯ ಬಂತು. “ಅವ್ರಿಗೆ ಗೊತ್ತೈತೇನ?” ಎಂದು ಕೇಳಿದರು.

“ಇಲ್ರಿ ಸರ್. ನೀವು ಯಾರ ಮುಂದೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ.”

“ನಾ ಹೇಳಂಗಿಲ್ಲ. ಹೇಳೂದು ನನ್ನ ಕೆಲಸ ಅಲ್ಲ. ನಿಮ್ಮಪ್ಪಗ ಹೇಳು, ಸಾಖರಪುಡಾ ಆಗೂದ್ರಾಗ ಹೇಳಿಬಿಡ್ರಿ ಅಂತ.”

ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಲು ಎರಡು ಸಲ ಹತ್ತಿರ ಹೋದೆ. ಎರಡೂ ಸಲ ಅಪ್ಪ ಎಮ್ಮೆಗೆ ನೀರು ತೋರಿಸುವ ನೆವ ಮಾಡಿ ಎದ್ದುಹೋದರು. ಏನು ಹೇಳಲು ಬಂದಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಫೆಬ್ರುವರಿಗೆ ಗೊತ್ತಾಯಿತು. ಅಕ್ಕಲಕೋಟದಲ್ಲಿ ಹಾಲ್ ಹಿಡಿದರು. ಮದುವೆಯ ದಿನ ಗೊತ್ತುಮಾಡುವ ಮೊದಲು ಕಂಪನಿಯವರು ಕರೆಯುತ್ತಾರೆ ಎಂದು ಮನೆಯವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಹಾಲಿನ ಬಾಗಿಲಿಗೆ ಒಂದು ಬ್ಯಾನರ್ ಬೇಕಲ್ಲ. ಹುಡುಗನ ಕಾಕಾ ಬಂದರು, ಅರವತ್ತರ ಸಮೀಪದ ಶಾಂತ ಮನುಷ್ಯ. ತಮ್ಮ ಅಂಗಡಿಯ ಬೋರ್ಡುಗಳನ್ನೆಲ್ಲ ಸರ್ ಹತ್ತಿರವೇ ಮಾಡಿಸುತ್ತಾರಂತೆ. “ಅಲ್ಲೇ ಹೋಗೋಣ್ರಿ, ಕೆಲಸ ಸ್ವಚ್ಛ ಅದ” ಅಂದರು. ಅಪ್ಪನಿಗೆ ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಫೋಟೊ ಆರಿಸಲು ನಾನೂ ಬರಬೇಕಾಯಿತು. ಹೊರಡುವ ಮುಂಚೆ ಅಪ್ಪ ನನ್ನ ಕಡೆ ನೋಡದೆ ಅಂದರು: “ಅಲ್ಲಿ ನೀ ಏನೂ ಮಾತಾಡಬ್ಯಾಡ.”

ಅಂಗಡಿಯಲ್ಲಿ ಸರ್ ನಮಸ್ಕಾರ ಮಾಡಿ ಎಲ್ಲರನ್ನೂ ಕೂರಿಸಿದರು. ನನ್ನನ್ನು ಗುರುತಿಸಿದ ಹಾಗೆ ಮಾಡಲಿಲ್ಲ. ಹಿಂದೆ ನಡೆದದ್ದನ್ನೆಲ್ಲ ನುಂಗಿಕೊಂಡರು ಅನಿಸಿ ನನಗೆ ಉಸಿರು ಬಂತು. ಹುಡುಗನ ಫೋಟೊ ಎಡಕ್ಕೆ ಕೂತಿತು, ನನ್ನದು ಬಲಕ್ಕೆ. ಹುಡುಗನ ಹೆಸರಿನ ಕೆಳಗೆ ಏನು ಎಂದು ಕೇಳಿದರು. ಹುಡುಗನ ಕಾಕಾ ಆತನಿಗೆ ಫೋನ್ ಹಚ್ಚಿಕೊಟ್ಟರು. ಅವನು ಹೇಳಿದ, ಸರ್ ಬರೆದರು. ಆಮೇಲೆ ನನ್ನ ಹೆಸರು ಬಂತು.

“ಇದರ ಕೆಳಗ ಸಾಫ್ಟ್‌ವೇರ್ ಇಂಜಿನಿಯರ್, ಪುಣೆ ಅಂತ ಹಾಕ್ರಿ” ಅಂದರು ಹುಡುಗನ ಕಾಕಾ.

ಸರ್ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. ಅವರು ಅಪ್ಪನ ಕಡೆ ನೋಡಲಿಲ್ಲ. ಕನ್ನಡಕ ಹಣೆಗೆ ಏರಿಸಿ ನನ್ನ ಕಡೆ ತಿರುಗಿದರು.

“ತಂಗಿ, ಹೆಸರಿನ ಕೆಳಗ ಏನ್ ಬರೀಲಿ?”

ಪರದೆಯ ಮೇಲೆ ಗೆರೆಯೊಂದು ಮಿಣುಕುತ್ತಿತ್ತು. ಅಪ್ಪ ತಮ್ಮ ಟೋಪಿಯನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ನಾನು ಅವರು ಏನಾದರೂ ಹೇಳಲಿ ಎಂದು ಕಾದೆ. ನಿಜವನ್ನಾಗಲಿ ಸುಳ್ಳನ್ನಾಗಲಿ, ಏನಾದರೂ. ಅವರು ಟೋಪಿ ನೋಡುತ್ತಾ ಕೂತರು. ಪುಣೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದವನ ಧ್ವನಿ ನೆನಪಾಯಿತು.

“ಬಿ.ಸಿ.ಎ. ಅಂತ ಅಷ್ಟ ಬರೀರಿ ಸರ್” ಅಂದೆ.

ಹುಡುಗನ ಕಾಕಾ ನಕ್ಕರು. “ಯಾಕವ್ವಾ, ನಾಚಿಕಿ ಏನು? ಇಂಜಿನಿಯರ್ ಇದ್ದಿ, ಹಾಕಸು.”

“ಜಾಯಿನಿಂಗ್ ಬಂದಿಲ್ರಿ ಕಾಕಾ. ಏಳ ತಿಂಗಳಾತು. ಬರ್ತೈತೋ ಇಲ್ಲೋ ನನಗ ಗೊತ್ತಿಲ್ರಿ.”

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. ಕೂಗಾಡಲಿಲ್ಲ. ಅಪ್ಪನಿಗೆ, “ನಮಗ ಮೊದಲ ಹೇಳಬೇಕಾಗಿತ್ರಿ” ಎಂದಷ್ಟೇ ಅಂದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಎಂಟು ದಿನದೊಳಗೆ ನಡುವಿನವರ ಕಡೆಯಿಂದ ಬೇಡ ಎಂದು ಹೇಳಿಕಳಿಸಿದರು. ನೌಕರಿ ಇಲ್ಲದ್ದಕ್ಕೆ ಅಲ್ಲವಂತೆ, ಮುಚ್ಚಿಟ್ಟಿದ್ದಕ್ಕಂತೆ. ಹುಡುಗ ಒಂದು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ.

ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಬೇಕಾದದ್ದನ್ನು ಅವ್ವನ ಮೂಲಕ ಹೇಳಿಸುತ್ತಿದ್ದರು. ಫಾಟಾದ ಬ್ಯಾನರನ್ನು ಒಂದು ಮುಂಜಾನೆ ಹರಿದು ತಂದು ಜೋಳದ ಕಣಕಿ ಬಣವೆಗೆ ಹೊದಿಸಿದರು, ನನ್ನ ಮುಖ ಒಳಗೆ ಮಾಡಿ.

ಆ ಸಿಟ್ಟನ್ನೆಲ್ಲ ನಾನು ಸರ್ ಮೇಲೆ ತೀರಿಸಿಕೊಂಡೆ. ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಕೇಳಿದೆ: “ಎರಡ ಶಬ್ದ ಬರದಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ? ಎಲ್ಲಾ ಗೊತ್ತಿದ್ದೂ ನನ್ನ ಯಾಕ ಕೇಳಿದ್ರಿ?”

ಅವರ ಮುಖ ಇಳಿದುಹೋಯಿತು. “ನೀ ಇಂಜಿನಿಯರ್ ಅಂದಿದ್ರ ನಾ ಇಂಜಿನಿಯರ್ ಅಂತನ ಬರೀತಿದ್ದೆ ತಂಗಿ” ಅಂದರು. “ದೇವರಾಣಿ, ಬರೀತಿದ್ದೆ. ನನಗೂ ಅಂಜಿಕಿ ಬಂದಿತ್ತು. ಆದ್ರ ನಿನ್ನ ಹೆಸರು, ನಿನ್ನ ಕೇಳದ ಹೆಂಗ ಬರೀಲಿ?”

ನನಗೆ ಆ ಉತ್ತರ ಇನ್ನಷ್ಟು ಸಿಟ್ಟು ತರಿಸಿತು. ನಿಮ್ಮ ಅಂಗಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಹೇಳಿ ಇಳಿದೆ. ಹೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ನಡೆಸಿದೆ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಮನೆಯಲ್ಲಿ ಕೂರಲಾಗದೆ ಮಾರ್ಚ್‌ನಲ್ಲಿ ನಾನೇ ಸೋಲಾಪುರದ ಆ ಟವೆಲ್ ಕಾರಖಾನೆಗೆ ಹೋದೆ. ಡಿಸೈನ್ ಕೋಣೆಯಲ್ಲಿ ತೆಗೆದುಕೊಂಡರು. ವಾರವೆಲ್ಲ ಸೋಲಾಪುರದಲ್ಲಿದ್ದು ರಜೆಯ ದಿನ ಊರಿಗೆ ಬಂದುಹೋಗುತ್ತಿದ್ದೆ. ಪರದೆಯ ಮೇಲಿನ ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ನೂಲು. ಒಂದು ಚೌಕ ತಪ್ಪಿದರೆ ಆ ಸಲ ನೇಯ್ದ ಟವೆಲೆಲ್ಲ ತಪ್ಪು. ಕೆಲವು ಕಡೆ ನೂಲು ಬಹಳ ದೂರ ನೇಯ್ಗೆಗೆ ಸಿಕ್ಕದೆ ಸಡಿಲ ಉಳಿದರೆ ಒಗೆಯುವಾಗ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಅಂಥ ನೂಲನ್ನು ಮೊದಲೇ ಹುಡುಕುವ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಅದು ಈಗಲೂ ಅಲ್ಲಿ ನಡೆಯುತ್ತಿದೆ. ಹದಿನಾಲ್ಕನೆಯ ತಿಂಗಳಿಗೆ ಪುಣೆಯ ಕಂಪನಿ ಆಫರನ್ನು ಹಿಂದಕ್ಕೆ ತೆಗೆದುಕೊಂಡಿತು, ತಾಳ್ಮೆಗೆ ಧನ್ಯವಾದ ಹೇಳಿತು. ಹಾಗಂತ ಈಗ ನಿಶ್ಚಿಂತಳು ಅಂತಲ್ಲ. ಪರದೇಶದ ಆರ್ಡರ್ ಕಡಿಮೆಯಾದ ತಿಂಗಳು ನನ್ನ ಫೋನು ಮತ್ತೆ ಕೈಗೆ ಅಂಟಿಕೊಳ್ಳುತ್ತದೆ. ಈಗ ಡಿಸೈನನ್ನು ಕಂಪ್ಯೂಟರೇ ತಾನಾಗಿ ಬರೆಯುತ್ತದೆ, ನಿಮಗೇನು ಕೆಲಸ ಎಂದು ಯಾರಾದರೂ ಅಂದರೆ ಆ ರಾತ್ರಿ ನೌಕರಿಯ ಜಾಹೀರಾತು ನೋಡುತ್ತಾ ಕೂರುತ್ತೇನೆ. ಹಲಗೆಯ ಮುಂದೆ ಸುಮ್ಮನೆ ಕೂತಿದ್ದ ಆ ಹುಡುಗಿ ಪೂರ್ತಿ ಎದ್ದುಹೋಗಿಲ್ಲ.

ಸರ್ ತೀರಿಕೊಂಡದ್ದು ಕಾಲೇಜಿನ ಗೆಳತಿಯರ ಗ್ರೂಪಿನಲ್ಲಿ ತಿಳಿಯಿತು. ಐದನೆಯ ದಿನ ರಜೆ ಹಾಕಿ ಊರಿಗೆ ಬಂದು, ಅವರ ಮನೆಗೆ ಹೋಗಿಬರುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅಪ್ಪ ಅಂಗಳದಲ್ಲಿದ್ದವರು ಅಂಗಿ ತೊಟ್ಟುಕೊಂಡು ನನ್ನ ಜೊತೆ ಹೊರಟರು. ಸರ್ ಹೆಂಡತಿ ಒಳಗಿನಿಂದ ಬಂದು ಚಾಪೆ ಹಾಸಿದರು. ನಾನು ಯಾರೆಂದು ಹೇಳಿದೆ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ತಾಯಿಗೆ ಹೇಳಿದರು:

“ಆವತ್ತ ಅಂಗಡ್ಯಾಗ ಸರ್ ನನ್ನ ಮಗಳ್ನ ಒಂದ ಮಾತ ಕೇಳಿದ್ರು. ಅದಕ್ಕ ಜವಾಬ ನಾ ಕೊಡಬೇಕಾಗಿತ್ತು. ನಾ ಬಾಯಿ ಮುಚ್ಚಿಕೊಂಡ ಕುಂತೆ. ಆಕಿ ಕೊಟ್ಟಳು. ಅವತ್ತಿಂದ ಮಗಳ ಮಾರಿ ನೋಡಾಕ ನನಗ ಆಗವಲ್ದ್ರಿ.”

ಮೂರು ವರ್ಷ ಅಪ್ಪ ಸಿಟ್ಟಿನಲ್ಲಿದ್ದಾರೆ ಎಂದುಕೊಂಡಿದ್ದೆ. ಅವರು ನಾಚಿಕೆಯಲ್ಲಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಸರ್ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟರು. “ಓ, ನೀನೇನವ್ವಾ ಆ ಹುಡುಗಿ?” ಅಂದರು. “ಅವರು ನಿಂದ ಭಾಳ ಮನಸ್ಸಿಗೆ ಹಚ್ಚಿಕೊಂಡಿದ್ರು. ನಾ ಕೇಳಬಾರದಾಗಿತ್ತು, ಆ ಹುಡುಗಿ ಬಾಳ್ವೆ ನನ್ನಿಂದ ಕೆಟ್ಟಿತೇನೋ ಅಂತ ಊಟಕ್ಕ ಕುಂತಾಗೆಲ್ಲಾ ಅಂತಿದ್ರು. ಆಕಿ ಈಗ ಎಲ್ಲಿ ಅದಾಳ, ಹೆಂಗ ಅದಾಳ, ಯಾರ್ನಾರ ಕೇಳಬೇಕು ಅಂತಿದ್ರು. ನೀ ಚಲೋ ಅದೀಯಲ್ಲ?”

ಚಲೋ ಇದ್ದೇನೆ ಎಂದು ಅವರಿಗೆ ಹೇಳಿದೆ. ಸರ್‌ಗೆ ಹೇಳಿರಲಿಲ್ಲ. ಮೂರು ವರ್ಷ, ವಾರಕ್ಕೆ ಎರಡು ಸಲ, ಸೋಲಾಪುರದ ಬಸ್ಸಿನಲ್ಲಿ ಕೂತು ಆ ಅಂಗಡಿಯ ಮುಂದಿನಿಂದಲೇ ಹೋಗುತ್ತಿದ್ದೆ.